ಬ್ಯಾಟರಿ ಪೆಟ್ಟಿಗೆಯಲ್ಲಿ ಕ್ಯಾಂಪಿಂಗ್ ಫ್ರಿಜ್ ಎಷ್ಟು ಹೊತ್ತು ಓಡುತ್ತದೆ?

ಬೆಳಗಿನ ಜಾವ ಟೆಂಟಿನಿಂದ ಹೊರಬಂದು ಫ್ರಿಜ್ಜಿನ ಮುಚ್ಚಳ ಎತ್ತಿದೆ. ಮುಖಕ್ಕೆ ತಣ್ಣನೆ ಗಾಳಿ ತಾಗಲಿಲ್ಲ. ಹಾಲಿನ ಪ್ಯಾಕೆಟ್ ಮುಟ್ಟಿ ನೋಡಿದರೆ ಬೆಚ್ಚಗಿತ್ತು. ರಾತ್ರಿ ಬ್ಯಾಟರಿ ಖಾಲಿಯಾಗಿರಬೇಕು ಅಂದುಕೊಂಡು ಅದರ ಪರದೆ ನೋಡಿದೆ. ಶೇ. 71 ಉಳಿದಿದೆ! ಬ್ಯಾಟರಿಯಲ್ಲಿ ಬೇಕಾದಷ್ಟಿದೆ, ವೈರು ಚುಚ್ಚಿದ ಹಾಗೇ ಇದೆ, ಫ್ರಿಜ್ ಮಾತ್ರ ಸತ್ತು ಮಲಗಿದೆ.

ಯಾಕೆ ಹಾಗಾಯಿತು ಅನ್ನೋದಕ್ಕೆ ಆಮೇಲೆ ಬರುತ್ತೇನೆ. ಅದು ಅರ್ಥವಾಗಬೇಕಾದರೆ ಮೊದಲು ಒಂದು ಸಂಗತಿ ತಲೆಗೆ ಹೋಗಬೇಕು: ಫ್ರಿಜ್ ದಿನದ ಬಹಳಷ್ಟು ಹೊತ್ತು ಏನೂ ಮಾಡದೆ ಸುಮ್ನೆ ಕೂತಿರುತ್ತದೆ. ಬ್ಯಾಟರಿ ಎಷ್ಟು ದೊಡ್ಡದಿರಬೇಕು, ಯಾವ ಸಾಕೆಟ್ಟಿಗೆ ಚುಚ್ಚಬೇಕು, ಎಷ್ಟು ದಿನ ಬರುತ್ತದೆ, ಈ ಎಲ್ಲ ಲೆಕ್ಕವೂ ನಿಂತಿರೋದು ಆ ಸುಮ್ಮನಿರುವ ಹೊತ್ತಿನ ಮೇಲೆ.

## ವ್ಯಾಟ್ ಬೇರೆ, ವ್ಯಾಟ್-ಅವರ್ ಬೇರೆ

ನಲ್ಲಿಯಿಂದ ನೀರು ಎಷ್ಟು ಜೋರಾಗಿ ಬೀಳುತ್ತಿದೆ ಅನ್ನೋದು ಒಂದು ಲೆಕ್ಕ. ಟ್ಯಾಂಕಿನಲ್ಲಿ ಒಟ್ಟು ಎಷ್ಟು ನೀರಿದೆ ಅನ್ನೋದು ಇನ್ನೊಂದು. ವ್ಯಾಟ್ ಅಂದರೆ ನಲ್ಲಿಯ ರಭಸ, ಅಂದರೆ ಈ ಕ್ಷಣದಲ್ಲಿ ವಿದ್ಯುತ್ ಎಷ್ಟು ವೇಗವಾಗಿ ಖರ್ಚಾಗುತ್ತಿದೆ ಅನ್ನೋದು. ವ್ಯಾಟ್-ಅವರ್ ಅಂದರೆ ಟ್ಯಾಂಕಿನ ಅಳತೆ. 50 ವ್ಯಾಟ್ ಎಳೆಯುವ ವಸ್ತು ಒಂದು ಗಂಟೆ ಓಡಿದರೆ 50 ವ್ಯಾಟ್-ಅವರ್ ಖಾಲಿ. ಅಷ್ಟೇ.

ಗೊಂದಲ ಹುಟ್ಟೋದು ಎಲ್ಲಿ ಅಂದರೆ, ಕೆಲವು ಬ್ಯಾಟರಿಗಳ ಮೇಲೆ ವ್ಯಾಟ್-ಅವರ್ ಬದಲು ಆಂಪಿಯರ್-ಅವರ್ ಬರೆದಿರುತ್ತಾರೆ. ಅದನ್ನು ವೋಲ್ಟಿನಿಂದ ಗುಣಿಸಿದರೆ ವ್ಯಾಟ್-ಅವರ್ ಸಿಗುತ್ತದೆ. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿ ಅಂದರೆ 1200 ವ್ಯಾಟ್-ಅವರ್. ಫೋನಿನ ಪವರ್ ಬ್ಯಾಂಕ್ ಮೇಲೆ 20,000 ಅಂತ ದೊಡ್ಡ ಸಂಖ್ಯೆ ಕಂಡು ಬೆರಗಾಗಬೇಡಿ. ಅದು ಮಿಲಿ ಆಂಪಿಯರ್-ಅವರ್, ಅದೂ 3.7 ವೋಲ್ಟಿನ ಲೆಕ್ಕದಲ್ಲಿ. ಗುಣಿಸಿದರೆ ಬರೋದು ಬರೀ 74 ವ್ಯಾಟ್-ಅವರ್. ಸರಿಯಾದ ಕೇಬಲ್ ಹುಡುಕಿ ಹೇಗೋ ಫ್ರಿಜ್ಜಿಗೆ ಸಿಕ್ಕಿಸಿದರೂ ನಾಲ್ಕು ಗಂಟೆ ತಳ್ಳಬಹುದೇನೋ.

ಫ್ರಿಜ್ಜಿಗೆ ಬೇಕಾಗಿರೋದು ಪವರ್ ಸ್ಟೇಷನ್ ಅನ್ನುತ್ತಾರಲ್ಲ, ಅದು. ಒಳಗೆ ಲಿಥಿಯಂ ಬ್ಯಾಟರಿ, ಹೊರಗೆ ಹಿಡಿಕೆ, ಮುಂದೆ ಒಂದಿಷ್ಟು ಸಾಕೆಟ್ಟುಗಳು ಮತ್ತು ಶೇಕಡಾವಾರು ತೋರಿಸುವ ಪರದೆ ಇರುವ ಪೆಟ್ಟಿಗೆ. ನಾನು ಮುಂದೆ ಬ್ಯಾಟರಿ ಪೆಟ್ಟಿಗೆ ಅಂತಲೇ ಕರೆಯುತ್ತೇನೆ.

ಕಾರಿನ ಬ್ಯಾಟರಿಯಿಂದಲೇ ಓಡಿಸಿದರೆ ಆಗಲ್ವಾ? ಆಗುತ್ತದೆ, ಬೆಳಿಗ್ಗೆ ಕಾರು ಸ್ಟಾರ್ಟ್ ಆಗದೇ ಇದ್ದರೂ ಪರವಾಗಿಲ್ಲ ಅನ್ನೋದಾದರೆ. ಆ ಬ್ಯಾಟರಿ ಇರೋದು ಎಂಜಿನ್ ತಿರುಗಿಸಲು ಕೆಲವೇ ಸೆಕೆಂಡು ಭಾರೀ ಕರೆಂಟ್ ಕೊಡೋದಕ್ಕೆ. ನಿಧಾನವಾಗಿ ತಳದವರೆಗೆ ಬರಿದಾಗಿಸಿದರೆ ಅದು ಬೇಗ ಹಾಳಾಗುತ್ತದೆ.

## ಯಾವ ಬಗೆಯ ಫ್ರಿಜ್?

ನೋಡಲು ಒಂದೇ ಥರ ಇದ್ದರೂ ಕ್ಯಾಂಪಿಂಗ್ ಪೆಟ್ಟಿಗೆಗಳಲ್ಲಿ ಮೂರು ಬಗೆ ಇವೆ. ಬ್ಯಾಟರಿಯ ಮಟ್ಟಿಗೆ ಇವುಗಳ ನಡುವೆ ಅಜಗಜಾಂತರ.

ಅಗ್ಗದವು ಸಾಮಾನ್ಯವಾಗಿ ಪೆಲ್ಟಿಯರ್ ತತ್ವದವು. ಎರಡು ಬೇರೆ ಬೇರೆ ವಸ್ತುಗಳು ಸೇರುವ ಜಾಗದಲ್ಲಿ ಕರೆಂಟ್ ಹರಿಸಿದರೆ ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಬಿಸಿ ಆಗುತ್ತದೆ. ಫ್ರಾನ್ಸಿನ ಜಾನ್ ಪೆಲ್ಟಿಯರ್ 1834ರಲ್ಲಿ ಕಂಡುಕೊಂಡ ಸಂಗತಿ ಇದು. ಒಳಗೆ ಓಡಾಡುವ ಭಾಗ ಅಂದರೆ ಒಂದು ಫ್ಯಾನು ಮಾತ್ರ, ಹಾಗಾಗಿ ಹಗುರ. ಆದರೆ ಇದು ಹೊರಗಿನ ಗಾಳಿಗಿಂತ ಹೆಚ್ಚೆಂದರೆ 15–20 ಡಿಗ್ರಿ ಕೆಳಗೆ ಇಳಿಸಬಲ್ಲದು. ಹೊರಗೆ 35 ಡಿಗ್ರಿ ಇದ್ದರೆ ಒಳಗೆ 15 ಆದರೆ ಪುಣ್ಯ. ಅದಕ್ಕಿಂತ ದೊಡ್ಡ ತೊಂದರೆ, ಬಹುಪಾಲು ಇಂಥವು ಸುಮ್ಮನಿರುವುದೇ ಇಲ್ಲ. 50 ವ್ಯಾಟ್ ಅಂದರೆ 24 ಗಂಟೆಯೂ 50 ವ್ಯಾಟ್. ದಿನಕ್ಕೆ 1200 ವ್ಯಾಟ್-ಅವರ್! ಕಾರು ಓಡುತ್ತಿರುವಾಗ ಸರಿ, ಬ್ಯಾಟರಿ ಪೆಟ್ಟಿಗೆಗೆ ಇದು ಹೊಂದುವುದಿಲ್ಲ.

ಗ್ಯಾಸಿನಲ್ಲೂ ಕರೆಂಟಿನಲ್ಲೂ ಓಡುವ, ಶಾಖ ಕೊಟ್ಟು ತಂಪು ಮಾಡುವ ಅಬ್ಸಾರ್ಪ್ಶನ್ ಫ್ರಿಜ್ ಎರಡನೆಯದು. ಅದಕ್ಕೆ ಗ್ಯಾಸೇ ಸರಿ, ಬ್ಯಾಟರಿಗೆ ಸಿಕ್ಕಿಸುವ ಯೋಚನೆ ಬಿಡಿ.

ಮೂರನೆಯದು ಕಂಪ್ರೆಸರ್ ಫ್ರಿಜ್. ಮನೆಯ ಫ್ರಿಜ್ಜಿನ ತಮ್ಮ ಅನ್ನಿ. 12 ವೋಲ್ಟಿನಲ್ಲೇ ನೇರವಾಗಿ ಓಡುತ್ತದೆ, 35–45 ಲೀಟರಿನದು ಓಡುವಾಗ ಸುಮಾರು 40ರಿಂದ 60 ವ್ಯಾಟ್ ಎಳೆಯುತ್ತದೆ. ಬೇಕಾದಷ್ಟು ತಂಪಾದ ಕೂಡಲೇ ನಿಲ್ಲುತ್ತದೆ. ಇಲ್ಲಿಂದ ಮುಂದೆ ಫ್ರಿಜ್ ಅಂದರೆ ಇದೇ.

## ತೂತಿರುವ ದೋಣಿ

ಫ್ರಿಜ್ ತಂಪನ್ನು ಉತ್ಪಾದಿಸುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಲ್ಲ. ಅದು ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುತ್ತದೆ. ಸಣ್ಣ ತೂತಿರುವ ದೋಣಿಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ನೀರು ನಿಧಾನವಾಗಿ ಒಳಗೆ ಬರುತ್ತಲೇ ಇರುತ್ತದೆ. ಒಂದು ಮಟ್ಟಕ್ಕೆ ಬಂದಾಗ ನೀವು ಮಗ್ಗು ತೆಗೆದುಕೊಂಡು ಎತ್ತಿ ಹೊರಗೆ ಚೆಲ್ಲುತ್ತೀರಿ, ಆಮೇಲೆ ಸ್ವಲ್ಪ ಹೊತ್ತು ಕೈ ಕಟ್ಟಿ ಕೂರುತ್ತೀರಿ. ಕಂಪ್ರೆಸರ್ ಮಾಡೋದು ಇದನ್ನೇ. ಹೊರಗಿನ ಶಾಖ ಗೋಡೆಗಳ ಮೂಲಕ, ಮುಚ್ಚಳದ ಸಂದಿಯ ಮೂಲಕ ಸೋರಿ ಬರುತ್ತಿರುತ್ತದೆ. ಒಳಗೆ ಒಂದೆರಡು ಡಿಗ್ರಿ ಏರಿದ ಕೂಡಲೇ ಕಂಪ್ರೆಸರ್ ಎದ್ದು ಶಾಖ ಎತ್ತಿ ಚೆಲ್ಲಿ ಮತ್ತೆ ಮಲಗುತ್ತದೆ.

ಒಂದು ಗಂಟೆಯಲ್ಲಿ ಅದು ಎಷ್ಟು ಪಾಲು ಎದ್ದಿರುತ್ತದೆ ಅನ್ನೋದಕ್ಕೆ ಡ್ಯೂಟಿ ಸೈಕಲ್ ಅನ್ನುತ್ತಾರೆ. ಗಂಟೆಗೆ 20 ನಿಮಿಷ ಓಡಿದರೆ ಶೇ. 33. ಹದವಾದ ಹವೆಯಲ್ಲಿ, ಒಳಗಿನ ಸಾಮಾನು ಆಗಲೇ ತಣ್ಣಗಿದ್ದರೆ, ಶೇ. 30–40 ಅನ್ನೋದು ಒಳ್ಳೆಯ ಅಂದಾಜು. ಆದರೆ ಇದು ಕಲ್ಲಿನಲ್ಲಿ ಕೆತ್ತಿದ ಸಂಖ್ಯೆ ಅಲ್ಲ. ದೋಣಿಯ ತೂತು ದೊಡ್ಡದಾಗುತ್ತದೆ, ಚಿಕ್ಕದಾಗುತ್ತದೆ.

ಹೊರಗೆ ಬಿಸಿ ಏರಿದರೆ ತೂತು ದೊಡ್ಡದಾದ ಹಾಗೆ. ಒಳಗೆ 4 ಡಿಗ್ರಿ ಬೇಕು, ಹೊರಗೆ 17 ಇದೆ ಅಂದರೆ ಅಂತರ 13. ಹೊರಗೆ 30 ಆದರೆ ಅಂತರ 26, ಅಂದರೆ ಒಳಗೆ ಸೋರುವ ಶಾಖ ಎರಡು ಪಟ್ಟು. ಜೊತೆಗೆ ಬಿಸಿ ಗಾಳಿಗೆ ಶಾಖ ಚೆಲ್ಲೋದು ಕಂಪ್ರೆಸರಿಗೆ ಜಾಸ್ತಿ ಕಷ್ಟ, ಎತ್ತರದ ದಡಕ್ಕೆ ನೀರು ಎತ್ತಿ ಹಾಕಿದ ಹಾಗೆ. ಅದಕ್ಕೇ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇಟ್ಟ ಫ್ರಿಜ್ ಹೆಚ್ಚುಕಮ್ಮಿ ನಿಲ್ಲದೇ ಓಡುತ್ತದೆ. ಫ್ರೀಜರ್ ಮಾಡಿ ಮೈನಸ್ 18ಕ್ಕೆ ಇಟ್ಟರೂ ಅಷ್ಟೇ. ಹೊರಗೆ 30 ಇರುವಾಗ ಅಂತರ 26ರಿಂದ 48ಕ್ಕೆ ಹಾರುತ್ತದೆ.

ಇನ್ನು ಬೆಚ್ಚಗಿನ ಸಾಮಾನು ಒಳಗಿಡೋದು ಅಂದರೆ ದೋಣಿಗೆ ಬಕೆಟ್ಟಿನಲ್ಲಿ ನೀರು ಸುರಿದ ಹಾಗೆ. 1 ಲೀಟರ್ ನೀರನ್ನು 30 ಡಿಗ್ರಿಯಿಂದ 4ಕ್ಕೆ ಇಳಿಸಲು ಸುಮಾರು 30 ವ್ಯಾಟ್-ಅವರ್ ಶಾಖ ಹೊರಗೆ ಹಾಕಬೇಕು. ಆರು ಬಾಟಲಿ ಇಟ್ಟರೆ 180. ಕಂಪ್ರೆಸರ್ ತಾನು ತಿನ್ನುವ ಕರೆಂಟಿಗಿಂತ ಜಾಸ್ತಿ ಶಾಖ ಎತ್ತಬಲ್ಲದು, ಹಾಗಾಗಿ ಬ್ಯಾಟರಿಯಿಂದ ಪೂರ್ತಿ 180 ಹೋಗುವುದಿಲ್ಲ. ಆದರೂ 100ರ ಆಸುಪಾಸು ಹೋಗುತ್ತದೆ. ಇದೇ ಕೆಲಸ ಮನೆಯ ಗೋಡೆಯ ಕರೆಂಟಿನಲ್ಲಿ ಹಿಂದಿನ ರಾತ್ರಿಯೇ ಮುಗಿಸಬಹುದಿತ್ತು ಅಲ್ವಾ? ಫ್ರಿಜ್ಜನ್ನೂ ಒಳಗಿನ ಸಾಮಾನನ್ನೂ ತಣ್ಣಗೆ ಮಾಡಿಕೊಂಡೇ ಹೊರಡಿ ಅಂತ ಅನುಭವಸ್ಥರು ಹೇಳೋದು ಇದಕ್ಕೇ.

ಇದನ್ನೇ ತಿರುಗಿಸಿದರೆ ಇನ್ನೂ ಚೆನ್ನ. 1 ಕಿಲೋ ಐಸ್ ಕರಗುವಾಗ ಸುಮಾರು 93 ವ್ಯಾಟ್-ಅವರ್ ಶಾಖ ಹೀರಿಕೊಳ್ಳುತ್ತದೆ. ಮನೆಯಲ್ಲಿ ಗಟ್ಟಿಯಾಗಿಸಿದ ಎರಡು ನೀರಿನ ಬಾಟಲಿ ಒಳಗಿಟ್ಟರೆ ಬ್ಯಾಟರಿ ಇಲ್ಲದೆಯೇ ದೋಣಿಯಿಂದ ನೀರು ಎತ್ತಲು ಇಬ್ಬರು ಆಳು ಸಿಕ್ಕ ಹಾಗೆ. ಬಾಟಲಿಯನ್ನು ಕಂಠದವರೆಗೆ ತುಂಬಿಸಬೇಡಿ, ಐಸ್ ಆಗುವಾಗ ನೀರು ಹಿಗ್ಗಿ ಬಾಟಲಿ ಬಿರಿಯುತ್ತದೆ.

## ಲೆಕ್ಕ ಹಾಕೋಣ

ಫ್ರಿಜ್ ಓಡುವಾಗ 45 ವ್ಯಾಟ್, ಡ್ಯೂಟಿ ಸೈಕಲ್ ಶೇ. 35 ಅಂತಿಟ್ಟುಕೊಳ್ಳಿ. ಗುಣಿಸಿದರೆ ಸರಾಸರಿ ಸುಮಾರು 16 ವ್ಯಾಟ್, ದಿನಕ್ಕೆ 378 ವ್ಯಾಟ್-ಅವರ್.

ಬ್ಯಾಟರಿ ಪೆಟ್ಟಿಗೆಯ ಮೇಲೆ 500 ವ್ಯಾಟ್-ಅವರ್ ಅಂತ ಬರೆದಿದೆ. ಅಷ್ಟೂ ನಿಮ್ಮ ಕೈಗೆ ಬರುವುದಿಲ್ಲ. ವೋಲ್ಟ್ ಬದಲಾಯಿಸುವಾಗ ಸ್ವಲ್ಪ ಶಾಖವಾಗಿ ಹೋಗುತ್ತದೆ, ಪೆಟ್ಟಿಗೆಯ ಸ್ವಂತ ಸರ್ಕ್ಯೂಟು ಸ್ವಲ್ಪ ತಿನ್ನುತ್ತದೆ. ಶೇ. 85 ಸಿಗುತ್ತದೆ ಅಂದುಕೊಂಡರೆ 425. ಭಾಗಿಸಿದರೆ 27 ಗಂಟೆ ಬರುತ್ತದೆ. ಒಂದು ಹಗಲು, ಒಂದು ರಾತ್ರಿ, ಮರುದಿನದ ಬೆಳಗಿನ ತಿಂಡಿಯವರೆಗೆ.

ಅದೇ ಫ್ರಿಜ್, ಅದೇ ಬ್ಯಾಟರಿ, ಆದರೆ ಸುಡುವ ದಿನದಲ್ಲಿ ಡ್ಯೂಟಿ ಸೈಕಲ್ ಶೇ. 60ಕ್ಕೆ ಏರಿತು ಅನ್ನಿ. ಸರಾಸರಿ 27 ವ್ಯಾಟ್ ಆಗುತ್ತದೆ, 16 ಗಂಟೆಗೆಲ್ಲ ಬ್ಯಾಟರಿ ಖಾಲಿ. ಒಬ್ಬರು "ನನಗೆ ಒಂದೂವರೆ ದಿನ ಬಂತು" ಅನ್ನುತ್ತಾರೆ, ಇನ್ನೊಬ್ಬರು "ಅರ್ಧ ದಿನಕ್ಕೇ ಕೈಕೊಟ್ಟಿತು" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಎರಡು ರಾತ್ರಿ ತಂಗುವುದಾದರೆ, ನಡುವೆ ಚಾರ್ಜ್ ಮಾಡಲು ಏನೂ ಇಲ್ಲ ಅಂದರೆ, 1000 ವ್ಯಾಟ್-ಅವರ್ ಸುತ್ತಮುತ್ತಲಿನದು ಬೇಕು. ಲೆಕ್ಕಕ್ಕಿಂತ ಸ್ವಲ್ಪ ದೊಡ್ಡದನ್ನೇ ಇಟ್ಟುಕೊಳ್ಳೋದು ಒಳ್ಳೆಯದು, ಯಾಕಂದರೆ ಫೋನು, ದೀಪ, ಫ್ಯಾನು ಅಂತ ಎಲ್ಲರೂ ಅದೇ ಪೆಟ್ಟಿಗೆಗೆ ಬಂದು ಜೋತು ಬೀಳುತ್ತಾರೆ.

## ಯಾವ ಸಾಕೆಟ್ಟಿಗೆ ಚುಚ್ಚಬೇಕು

ಪೆಟ್ಟಿಗೆಯ ಮುಂದೆ ಎರಡು ಬಗೆಯ ದಾರಿ ಇರುತ್ತದೆ. ಒಂದು ಮನೆಯ ಗೋಡೆಯಲ್ಲಿರುವಂಥ ಎಸಿ ಸಾಕೆಟ್. ಇನ್ನೊಂದು ಕಾರಿನಲ್ಲಿರುವ ಸಿಗರೇಟ್ ಲೈಟರ್ ಥರದ, ದುಂಡಗಿನ 12 ವೋಲ್ಟ್ ಡಿಸಿ ಸಾಕೆಟ್. ಫ್ರಿಜ್ಜಿನ ಜೊತೆ ಸಾಮಾನ್ಯವಾಗಿ ಎರಡಕ್ಕೂ ವೈರು ಬರುತ್ತದೆ. ಜನ ಅಭ್ಯಾಸಬಲದಿಂದ ಎಸಿಗೆ ಚುಚ್ಚುತ್ತಾರೆ.

ಆಗ ಏನಾಗುತ್ತದೆ ನೋಡಿ. ಬ್ಯಾಟರಿಯಲ್ಲಿರೋದು ಡಿಸಿ. ಪೆಟ್ಟಿಗೆಯ ಇನ್ವರ್ಟರ್ ಅದನ್ನು ಎಸಿ ಮಾಡುತ್ತದೆ. ಫ್ರಿಜ್ಜಿನ ಅಡಾಪ್ಟರ್ ಅದನ್ನು ಮತ್ತೆ ಡಿಸಿ ಮಾಡುತ್ತದೆ. ಕನ್ನಡದ ಪತ್ರವನ್ನು ಬೇರೆ ಭಾಷೆಗೆ ಅನುವಾದ ಮಾಡಿಸಿ, ಮತ್ತೆ ಕನ್ನಡಕ್ಕೆ ಅನುವಾದ ಮಾಡಿಸಿ ಓದಿದ ಹಾಗೆ. ಎರಡೂ ಕಡೆ ನಷ್ಟ. ಇದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣದ್ದು: ಫ್ರಿಜ್ ಮಲಗಿದ್ದರೂ ಇನ್ವರ್ಟರ್ ಎದ್ದೇ ಇರುತ್ತದೆ, ಸುಮ್ಮನಿದ್ದೇ 10–20 ವ್ಯಾಟ್ ತಿನ್ನುತ್ತದೆ. ನಮ್ಮ ಫ್ರಿಜ್ಜಿನ ಸರಾಸರಿಯೇ 16 ವ್ಯಾಟ್ ಅಂತ ಈಗ ತಾನೇ ನೋಡಿದೆವಲ್ಲ. ಇನ್ವರ್ಟರ್ 12 ವ್ಯಾಟ್ ತಿಂದರೂ ಆ 27 ಗಂಟೆ ಸುಮಾರು 15ಕ್ಕೆ ಇಳಿಯುತ್ತದೆ. ಹಾಗಾಗಿ ಇಲ್ಲಿ ಎರಡು ಮಾತಿಲ್ಲ, 12 ವೋಲ್ಟಿನ ಸಾಕೆಟ್ಟನ್ನೇ ಬಳಸಿ, ಎಸಿ ಬಟನ್ ಆಫ್ ಮಾಡಿ.

ಈ ದುಂಡಗಿನ ಸಾಕೆಟ್ಟಿಗೆ ಒಂದು ಕೆಟ್ಟ ಗುಣ ಇದೆ. ಪಿನ್ನು ಗಟ್ಟಿಯಾಗಿ ಕೂರುವುದಿಲ್ಲ. ಸಡಿಲವಾದ ಕಡೆ ಬಿಸಿಯಾಗುತ್ತದೆ. ಚುಚ್ಚಿದ ಅರ್ಧ ಗಂಟೆಗೆ ಒಮ್ಮೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಬಿಸಿ ಇದ್ದರೆ ತೆಗೆದು ಸರಿಯಾಗಿ ಕೂರಿಸಿ.

## ಹಾಗಾದರೆ ಶೇ. 71 ಇದ್ದೂ ನಿಂತಿದ್ದೇಕೆ?

ಈಗ ಆ ಬೆಳಗಿನ ಕಥೆಗೆ ಬರೋಣ. ಬಹಳಷ್ಟು ಬ್ಯಾಟರಿ ಪೆಟ್ಟಿಗೆಗಳಲ್ಲಿ ವಿದ್ಯುತ್ ಉಳಿಸುವ ಒಂದು ಏರ್ಪಾಡು ಇದೆ, ಕೆಲವರು ಅದನ್ನು ಇಕೋ ಮೋಡ್ ಅನ್ನುತ್ತಾರೆ. ಸಾಕೆಟ್ಟಿನಿಂದ ಯಾರೂ ಕರೆಂಟ್ ಎಳೆಯುತ್ತಿಲ್ಲ ಅಂತ ಕಂಡರೆ ಸ್ವಲ್ಪ ಹೊತ್ತು ಕಾದು ತಾನೇ ಆ ಸಾಕೆಟ್ ಆಫ್ ಮಾಡಿಬಿಡುತ್ತದೆ. ಮರೆತು ಆನ್ ಬಿಟ್ಟವರಿಗೆ ಉಪಕಾರ. ಫ್ರಿಜ್ಜಿಗೆ ಅಪಕಾರ. ರಾತ್ರಿ ಹೊರಗೆ ತಂಪಾಯಿತು, ಯಾರೂ ಮುಚ್ಚಳ ತೆಗೆಯಲಿಲ್ಲ, ಕಂಪ್ರೆಸರ್ ಮುಕ್ಕಾಲು ಗಂಟೆ ಮಲಗಿತು. ಅರ್ಧ ಗಂಟೆ ಕಾದ ಪೆಟ್ಟಿಗೆ "ಇಲ್ಲಿ ಯಾರೂ ಇಲ್ಲ" ಅಂದುಕೊಂಡು ಬಾಗಿಲು ಹಾಕಿಕೊಂಡಿತು. ಕಂಪ್ರೆಸರ್ ಏಳುವ ಹೊತ್ತಿಗೆ ಕರೆಂಟಿಲ್ಲ. ತಮಾಷೆ ಅಂದರೆ, ಫ್ರಿಜ್ ಎಷ್ಟು ಚೆನ್ನಾಗಿ ತಂಪು ಹಿಡಿದಿಡುತ್ತದೋ ಹೀಗಾಗುವ ಸಾಧ್ಯತೆ ಅಷ್ಟು ಜಾಸ್ತಿ.

ಪರಿಹಾರ ಸುಲಭ. ಸೆಟ್ಟಿಂಗ್ಸಿನಲ್ಲಿ ಡಿಸಿ ಸಾಕೆಟ್ ತಾನಾಗಿ ಆಫ್ ಆಗುವುದನ್ನು ತೆಗೆದುಹಾಕಬೇಕು. ಕೆಲವು ಪೆಟ್ಟಿಗೆಗಳಲ್ಲಿ ಇದು ಫೋನಿನ ಆ್ಯಪ್ ಮೂಲಕ ಮಾತ್ರ ಆಗುತ್ತದೆ, ಕಾಡಿಗೆ ಹೋದ ಮೇಲೆ ಆ್ಯಪ್ ಹುಡುಕಿದರೆ ಪ್ರಯೋಜನವಿಲ್ಲ.

ಇದೇ ಲಕ್ಷಣಕ್ಕೆ ಇನ್ನೊಂದು ಕಾರಣವೂ ಇರಬಹುದು. ಕಾರಿನ ಬ್ಯಾಟರಿ ಪೂರ್ತಿ ಖಾಲಿಯಾಗದಿರಲಿ ಅಂತ ಫ್ರಿಜ್ಜಿನಲ್ಲೇ ಒಂದು ಕಾವಲು ಇರುತ್ತದೆ. ವೋಲ್ಟ್ ಒಂದು ಮಟ್ಟಕ್ಕಿಂತ ಇಳಿದರೆ ಫ್ರಿಜ್ ತಾನೇ ನಿಲ್ಲುತ್ತದೆ. ಹೈ, ಮೀಡಿಯಂ, ಲೋ ಅಂತ ಮೂರು ಆಯ್ಕೆ ಇರುತ್ತವೆ. ಹೈ ಅಂದರೆ ಬಹಳ ಎಚ್ಚರ, ಹಲವು ಫ್ರಿಜ್ಜುಗಳು 11 ವೋಲ್ಟಿಗಿಂತ ಮೇಲೇ ನಿಂತುಬಿಡುತ್ತವೆ. ಲೋ ಅಂದರೆ 10ರ ಆಸುಪಾಸಿನವರೆಗೂ ಓಡುತ್ತವೆ. ಬ್ಯಾಟರಿ ಪೆಟ್ಟಿಗೆಗೆ ತನ್ನದೇ ಕಾವಲು ಇರುವುದರಿಂದ ಇಲ್ಲಿ ಲೋ ಸಾಕು.

ವೈರೂ ಇದರಲ್ಲಿ ಪಾಲುದಾರ. 5 ಮೀಟರ್ ಉದ್ದದ, 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರಿನಲ್ಲಿ 5 ಆಂಪಿಯರ್ ಹೋಗಿ ಬಂದರೆ ದಾರಿಯಲ್ಲೇ ಸುಮಾರು 0.9 ವೋಲ್ಟ್ ಕಳೆದುಹೋಗುತ್ತದೆ. ಪೆಟ್ಟಿಗೆ 12 ಕೊಟ್ಟರೂ ಫ್ರಿಜ್ಜಿಗೆ ಕಾಣೋದು 11.1. ಹೈನಲ್ಲಿಟ್ಟ ಫ್ರಿಜ್ "ಬ್ಯಾಟರಿ ಮುಗಿಯಿತು" ಅಂತ ನಂಬಿ ನಿಲ್ಲಲು ಇಷ್ಟು ಸಾಕು. ಪೆಟ್ಟಿಗೆಯನ್ನು ಫ್ರಿಜ್ಜಿನ ಪಕ್ಕದಲ್ಲೇ ಇಡಿ, ವೈರು ಗಿಡ್ಡ ಮತ್ತು ದಪ್ಪ ಇರಲಿ.

## ಒಳಗಿನ ಬ್ಯಾಟರಿ

ಈಗಿನ ಪೆಟ್ಟಿಗೆಗಳಲ್ಲಿ ಎರಡು ಬಗೆಯ ಲಿಥಿಯಂ ಸಿಗುತ್ತದೆ. ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್, ಸ್ವಲ್ಪ ಭಾರ, ಆದರೆ ಸಾವಿರಾರು ಸಲ ಚಾರ್ಜ್ ಮಾಡಿದರೂ ಬಾಳುತ್ತದೆ, ಬಿಸಿಗೂ ಅಷ್ಟು ಬೇಗ ಕೆರಳುವುದಿಲ್ಲ. ಎನ್‌ಎಂಸಿ, ಅಂದರೆ ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಬಳಸಿದ್ದು, ಹಗುರ, ಆಯಸ್ಸು ಕಡಿಮೆ. ಬೆನ್ನಿಗೆ ಹೊತ್ತು ಹೋಗದೆ ಕಾರಿನಲ್ಲಿ ಒಯ್ಯುವವರಿಗೆ ತೂಕ ಅಂಥ ತಲೆನೋವಲ್ಲ. ಹಳೆಯ ಲೆಡ್-ಆಸಿಡ್ ಬ್ಯಾಟರಿ ಕಟ್ಟಿಕೊಂಡು ಹೋಗುವವರು ಅದರ ಅರ್ಧವನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಅದಕ್ಕಿಂತ ಜಾಸ್ತಿ ಬರಿದಾಗಿಸಿದರೆ ಬ್ಯಾಟರಿಯ ಆಯಸ್ಸು ಕರಗುತ್ತದೆ.

ವಿಮಾನದಲ್ಲಿ ಒಯ್ಯುವ ಆಸೆ ಇದ್ದರೆ ಬಿಟ್ಟುಬಿಡಿ. ಪ್ರಯಾಣಿಕರಿಗೆ 100 ವ್ಯಾಟ್-ಅವರ್‌ವರೆಗೆ ಮಾತ್ರ ಸಲೀಸು, ವಿಮಾನ ಸಂಸ್ಥೆ ಒಪ್ಪಿದರೆ 160.

## ಮತ್ತೆ ತುಂಬಿಸೋದು

ಕಾರಿನ 12 ವೋಲ್ಟ್ ಸಾಕೆಟ್ಟಿನಿಂದ ಸುಮಾರು 100 ವ್ಯಾಟ್ ಸಿಗುತ್ತದೆ. 500ರ ಪೆಟ್ಟಿಗೆ ತುಂಬಲು ಐದು ಗಂಟೆಗೂ ಜಾಸ್ತಿ ಓಡಿಸಬೇಕು. ದಿನಾ ಊರಿಂದೂರಿಗೆ ಹೋಗುವವರಿಗೆ ಇದೇ ಸಾಕು.

ಒಂದೇ ಕಡೆ ತಂಗುವವರಿಗೆ ಸೋಲಾರ್ ಪ್ಯಾನೆಲ್. 100 ವ್ಯಾಟಿನ ಪ್ಯಾನೆಲ್ 100 ವ್ಯಾಟ್ ಕೊಡೋದು ಪ್ರಯೋಗಾಲಯದಲ್ಲಿ, ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬಿದ್ದು, ಪ್ಯಾನೆಲ್ 25 ಡಿಗ್ರಿಯಲ್ಲಿ ತಣ್ಣಗಿದ್ದಾಗ. ಬಿಸಿಲಿಗೆ ಇಟ್ಟ ಪ್ಯಾನೆಲ್ ತಣ್ಣಗಿರುತ್ತದೆಯೇ? ಒಳ್ಳೆಯ ಬಿಸಿಲಲ್ಲಿ 60–75 ವ್ಯಾಟ್ ಅಂದುಕೊಳ್ಳಿ, ಅಂಥ ಬಿಸಿಲು ಐದು ಗಂಟೆ ಸಿಕ್ಕರೆ 300–375 ವ್ಯಾಟ್-ಅವರ್. ನಮ್ಮ ಫ್ರಿಜ್ಜಿಗೆ 378 ಬೇಕಿತ್ತು. ಅಂಚಿನಲ್ಲಿ ನಿಂತ ಹಾಗಾಯಿತು, ಒಂದು ಮೋಡ ಬಂದರೆ ಸಾಲ. 200 ವ್ಯಾಟಿನದಾದರೆ ಉಸಿರಾಡಬಹುದು. ಪ್ಯಾನೆಲ್ಲಿನ ಗರಿಷ್ಠ ವೋಲ್ಟ್ ಪೆಟ್ಟಿಗೆ ತಡೆಯುವ ಮಿತಿಯೊಳಗಿದೆಯೇ ಅಂತ ಎರಡರ ಮೇಲಿನ ಚೀಟಿಯನ್ನೂ ಓದಿ ನೋಡಿ, ಮೀರಿದರೆ ಪೆಟ್ಟಿಗೆ ಸುಡಬಹುದು.

ಪ್ಯಾನೆಲ್ ಬಿಸಿಲಲ್ಲಿ, ಪೆಟ್ಟಿಗೆ ನೆರಳಲ್ಲಿ. ಪ್ಯಾನೆಲ್ ಜೊತೆಗೇ ಪೆಟ್ಟಿಗೆಯನ್ನೂ ಬಿಸಿಲಿಗೆ ಇಟ್ಟರೆ ಅದು ಕಾದು ಚಾರ್ಜಾಗೋದನ್ನೇ ನಿಲ್ಲಿಸುತ್ತದೆ. ಚಳಿಯ ಕಡೆ ಇನ್ನೊಂದು ಎಚ್ಚರ, ಲಿಥಿಯಂ ಬ್ಯಾಟರಿಯನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು.

## ಹೊರಡುವ ಹಿಂದಿನ ದಿನ

ಮೇಲಿನ ಲೆಕ್ಕವೆಲ್ಲ ಅಂದಾಜು. ನಿಮ್ಮ ಫ್ರಿಜ್ಜಿನ ನಿಜವಾದ ಸಂಖ್ಯೆ ಬೇಕಾದರೆ ಮನೆಯಲ್ಲೇ ಅಳೆಯಿರಿ. ಗೋಡೆಯ ಕರೆಂಟಿನಲ್ಲಿ ತಣ್ಣಗೆ ಮಾಡಿ, 4 ಡಿಗ್ರಿಗೆ ಇಟ್ಟು, ನೀರಿನ ಬಾಟಲಿ ತುಂಬಿಸಿ, ಆಮೇಲೆ ಪೂರ್ತಿ ಚಾರ್ಜಾದ ಪೆಟ್ಟಿಗೆಗೆ 12 ವೋಲ್ಟಿನಲ್ಲಿ ಸಿಕ್ಕಿಸಿ. ಸಂಜೆ ಎಂಟಕ್ಕೆ ಶೇಕಡಾ ಎಷ್ಟಿತ್ತು, ಬೆಳಿಗ್ಗೆ ಎಂಟಕ್ಕೆ ಎಷ್ಟಿದೆ ಅಂತ ಬರೆದುಕೊಳ್ಳಿ. ಆಮೇಲೆ ಮಧ್ಯಾಹ್ನದ ಬಿಸಿಯಲ್ಲಿ ಇನ್ನೊಮ್ಮೆ. ಒಳಗೆ ಒಂದು ಸಣ್ಣ ಥರ್ಮಾಮೀಟರ್ ಇಡಿ, ಫ್ರಿಜ್ಜಿನ ಪರದೆ ತೋರಿಸೋದು ಸೆನ್ಸರ್ ಇರುವ ಜಾಗದ ಉಷ್ಣತೆ ಮಾತ್ರ. ಕೆಡುವ ಆಹಾರ 5 ಡಿಗ್ರಿಗಿಂತ ಕೆಳಗಿರಬೇಕು, ಅದಕ್ಕಿಂತ ಮೇಲೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ.

ಈ ಪರೀಕ್ಷೆಯಲ್ಲೇ ಇಕೋ ಮೋಡ್ ಕೂಡ ಸಿಕ್ಕಿಬೀಳುತ್ತದೆ. ನಾನು ಮನೆಯಲ್ಲಿ ಒಂದು ರಾತ್ರಿ ಓಡಿಸಿ ನೋಡಿದ್ದರೆ ಆ ಹಾಲು ಚೆಲ್ಲಬೇಕಾಗಿರಲಿಲ್ಲ.